ಮನೆಗೆ ನೂರು ರೂಪಾಯಿ: ಗಣತಿದಾರರ ಗೌರವಧನವೂ ಗಣತಿಯ ಅಂಕಿಗಳೂ

ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು 2025ರ ಸೆಪ್ಟೆಂಬರ್ 22ರಂದು ಆರಂಭಿಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕುರಿತು ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಜಾತಿಗಳ ಪಟ್ಟಿಯಲ್ಲಿ ಯಾವ ಹೆಸರು ಇರಬೇಕು, 60 ಪ್ರಶ್ನೆಗಳು ಬೇಕೆ, ಸಂಗ್ರಹವಾದ ಮಾಹಿತಿ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಗಳು ಸಮುದಾಯದ ಸಭೆಗಳಿಂದ ಹಿಡಿದು ಹೈಕೋರ್ಟ್‌ವರೆಗೂ ಹೋದವು. ಆ 60 ಪ್ರಶ್ನೆಗಳನ್ನು ತಮ್ಮ ಮೊಬೈಲಿನಲ್ಲಿ ಹೊತ್ತು ಮನೆಮನೆಯ ಬಾಗಿಲು ತಟ್ಟಿದ ಸುಮಾರು 1.75 ಲಕ್ಷ ಮಂದಿಯನ್ನು ಹೇಗೆ ಆರಿಸಲಾಯಿತು, ಅವರಿಗೆ ಯಾವ ಲೆಕ್ಕದಲ್ಲಿ ಹಣ ಕೊಡಲು ತೀರ್ಮಾನಿಸಲಾಯಿತು ಎಂಬ ವಿಷಯ ಮಾತ್ರ ಶಿಕ್ಷಕರ ಸಂಘಟನೆಗಳ ಮನವಿಪತ್ರಗಳನ್ನು ದಾಟಿ ಹೆಚ್ಚು ದೂರ ಸಾಗಲಿಲ್ಲ. ಅದು ನೌಕರರ ಬೇಡಿಕೆಯ ವಿಷಯ, ಸಮೀಕ್ಷೆಯ ಫಲಿತಾಂಶಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಇದರ ಹಿಂದೆ ಇದ್ದಂತೆ ಕಾಣುತ್ತದೆ. ಆದರೆ ಕಣದಲ್ಲಿ ರಾಶಿ ಅಳೆಯಲು ಕೂತವನು ಮೊದಲು ಸೇರು ಸವೆದಿದೆಯೇ ಎಂದು ನೋಡುತ್ತಾನೆ. ಮನೆಮನೆ ಸಮೀಕ್ಷೆಯಲ್ಲಿ ಆ ಸೇರು ಎಂದರೆ ಗಣತಿದಾರ. ಅವನಿಗೆ ಯಾವುದಕ್ಕೆ ಹಣ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬ ಆದೇಶವೇ ಅಳತೆಯ ಒಂದು ಭಾಗ.

ಮೊತ್ತಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಸಮೀಕ್ಷೆಗೆ ಸರ್ಕಾರ ಅಂದಾಜಿಸಿದ್ದ ವೆಚ್ಚ 420 ಕೋಟಿ ರೂಪಾಯಿ. ಅದರಲ್ಲಿ ಸುಮಾರು 325 ಕೋಟಿ ರೂಪಾಯಿ ಮನೆಮನೆಗೆ ಹೋಗುವವರ ಗೌರವಧನಕ್ಕೆಂದೇ ಹೇಳಲಾಗಿತ್ತು. ಅಂದರೆ ಪ್ರತಿ ನೂರು ರೂಪಾಯಿಯಲ್ಲಿ 77 ರೂಪಾಯಿ ಕ್ಷೇತ್ರಕಾರ್ಯದವರಿಗೆ. ಆ್ಯಪ್, ಸರ್ವರ್, ತರಬೇತಿ, ಪ್ರಚಾರ, ವಿಶ್ಲೇಷಣೆ ಇವೆಲ್ಲವೂ ಉಳಿದ 23 ರೂಪಾಯಿಯಲ್ಲಿ ಮುಗಿಯಬೇಕಾದವು. ವೆಚ್ಚದ ಮುಕ್ಕಾಲು ಪಾಲು ಎಲ್ಲಿ ಹೋಗುತ್ತದೆಯೋ ಅಲ್ಲಿಯ ಲೆಕ್ಕವನ್ನು ಯಾರೂ ಬಿಡಿಸಿ ನೋಡದೆ ಇರುವುದು ವಿಚಿತ್ರ.

ಲೆಕ್ಕ ಹೀಗಿತ್ತು. ಪ್ರತಿ ಗಣತಿದಾರರಿಗೆ ಇಡಿಗಂಟಾಗಿ 5,000 ರೂಪಾಯಿ, ಅದರ ಮೇಲೆ ಸಮೀಕ್ಷೆ ಮಾಡಿದ ಪ್ರತಿ ಮನೆಗೆ 100 ರೂಪಾಯಿ. ಒಬ್ಬರಿಗೆ ಹೆಚ್ಚೆಂದರೆ 150ರಷ್ಟು ಮನೆಗಳ ಒಂದು ಬ್ಲಾಕ್ ಎಂಬ ಅಂದಾಜಿನಲ್ಲಿ ಒಟ್ಟು 20,000 ರೂಪಾಯಿವರೆಗೆ ಸಿಗುತ್ತದೆ. ಕೆಲಸ ಅಕ್ಟೋಬರ್ 7ಕ್ಕೆ, ಅಂದರೆ 16 ದಿನಗಳಲ್ಲಿ ಮುಗಿಯಬೇಕಿತ್ತು. 150 ಮನೆಗಳನ್ನು 16 ದಿನಕ್ಕೆ ಹಂಚಿದರೆ ದಿನಕ್ಕೆ ಒಂಬತ್ತು ಅಥವಾ ಹತ್ತು ಮನೆ, ದಿನದ ಗಳಿಕೆ 1,250 ರೂಪಾಯಿ. ಕಾಗದದ ಮೇಲೆ ಇದು ಕಡಿಮೆಯೇನಲ್ಲ. ಸಂಬಳದ ಜೊತೆಗೆ ಸಿಗುವ ಹಣ ಎಂದು ನೋಡಿದರೆ ಉದಾರವೇ ಸರಿ. ಆದರೆ ಕೆಲಸ 16 ದಿನದಲ್ಲಿ ಮುಗಿಯಲಿಲ್ಲ. ಮೊದಲ ದಿನಗಳಲ್ಲಿ ಆ್ಯಪ್ ತೆರೆಯಲಿಲ್ಲ, ಸರ್ವರ್ ಕೈಕೊಟ್ಟಿತು, ಒಟಿಪಿ ಬರಲಿಲ್ಲ, ಮಲೆನಾಡಿನ ಊರುಗಳಲ್ಲಿ ನೆಟ್‌ವರ್ಕ್ ಸಿಗಲಿಲ್ಲ. ವಿದ್ಯುತ್ ಮೀಟರಿನ ಆರ್‌ಆರ್ ನಂಬರ್ ಆಧರಿಸಿ ಗುರುತಿಸಿದ್ದ ಮನೆಗಳನ್ನು ಹುಡುಕುವುದೇ ಅನೇಕರಿಗೆ ದಿನದ ಕೆಲಸವಾಯಿತು. ಅವಧಿಯನ್ನು ಅಕ್ಟೋಬರ್ 18ರವರೆಗೆ, ಅನಂತರ ಅಕ್ಟೋಬರ್ 31ರವರೆಗೆ ವಿಸ್ತರಿಸಲಾಯಿತು. ಕೆಲಸವನ್ನು 27 ದಿನ ಮಾಡಿದವರಿಗೆ ಅದೇ 20,000 ರೂಪಾಯಿ ದಿನಕ್ಕೆ 740 ರೂಪಾಯಿಯಾಗುತ್ತದೆ. 40 ದಿನ ಎಂದರೆ 500 ರೂಪಾಯಿ. ಸರ್ವರ್ ಹಾಳಾದ ದಿನದ ನಷ್ಟವನ್ನು ಆ್ಯಪ್ ಮಾಡಿಕೊಟ್ಟವರಾಗಲಿ ಯೋಜನೆ ಹಾಕಿದವರಾಗಲಿ ಹೊರಲಿಲ್ಲ. ಮನೆ ಲೆಕ್ಕದಲ್ಲಿ ಹಣ ಎಂದ ಮೇಲೆ ಆ ನಷ್ಟ ತಾನಾಗಿಯೇ ಬಾಗಿಲ ಮುಂದೆ ಫೋನ್ ಹಿಡಿದು ನಿಂತವರ ತಲೆಗೆ ಬಂತು.

ಮನೆ ಲೆಕ್ಕದಲ್ಲಿ ಹಣ ಕೊಡುವುದನ್ನು ಆಡಳಿತಗಳು ಇಷ್ಟಪಡುವುದಕ್ಕೆ ಕಾರಣಗಳಿವೆ. ಬಿಲ್ ಮಾಡುವುದು ಸುಲಭ, ಮೈಗಳ್ಳತನಕ್ಕೆ ಹಣ ಹೋಗುವುದಿಲ್ಲ, ಒಟ್ಟು ವೆಚ್ಚ ಮುಂಚಿತವಾಗಿ ಗೊತ್ತಾಗುತ್ತದೆ. ಆದರೆ ಈ ಲೆಕ್ಕವು ಎಲ್ಲ ಮನೆಗಳೂ ಒಂದೇ ಎಂದು ಭಾವಿಸುತ್ತದೆ, ವಾಸ್ತವದಲ್ಲಿ ಮನೆಗಳು ಹಾಗಿರುವುದಿಲ್ಲ. ಅವಧಿ ವಿಸ್ತರಿಸುವ ಹೊತ್ತಿಗೆ, ಅಕ್ಟೋಬರ್ 7ರಂದು, ಮುಖ್ಯಮಂತ್ರಿಗಳು ಕೊಟ್ಟ ಮಾಹಿತಿಯ ಪ್ರಕಾರ ಕೊಪ್ಪಳದಲ್ಲಿ ಶೇ 97ರಷ್ಟು ಕೆಲಸ ಮುಗಿದಿತ್ತು. ಉಡುಪಿಯಲ್ಲಿ ಶೇ 63, ದಕ್ಷಿಣ ಕನ್ನಡದಲ್ಲಿ ಶೇ 60. ಈ ಅಂತರಕ್ಕೆ ಕಾರಣ ಒಂದೇ ಅಲ್ಲ. ತಾಂತ್ರಿಕ ತೊಂದರೆಗಳು, ಜನರ ಹಿಂಜರಿಕೆ, ಮುಂಬಯಿಗೂ ಗಲ್ಫ್‌ಗೂ ಹೋಗಿರುವವರ ಬೀಗ ಬಿದ್ದ ಮನೆಗಳು ಎಲ್ಲವೂ ಸೇರಿರಬಹುದು. ಆದರೆ ಭೂಗೋಳವನ್ನು ಮರೆಯುವಂತಿಲ್ಲ. ಬಯಲುಸೀಮೆಯ ಊರಿನಲ್ಲಿ ಓಣಿಯ ಎರಡೂ ಬದಿಗೆ ಗೋಡೆಗೆ ಗೋಡೆ ಅಂಟಿದ ಮನೆಗಳು. ಒಬ್ಬರ ಜಗಲಿಯಿಂದ ಇನ್ನೊಬ್ಬರ ಜಗಲಿಗೆ ನಾಲ್ಕು ಹೆಜ್ಜೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಅಡಿಕೆ ತೋಟದ ನಡುವೆ, ಗುಡ್ಡದ ಓರೆಯಲ್ಲಿ ಒಂಟಿ ಮನೆಗಳು. ಒಂದರಿಂದ ಇನ್ನೊಂದಕ್ಕೆ ಸಂಕ ದಾಟಬೇಕು, ನಾಯಿ ಕಟ್ಟಿದ್ದಾರೆಯೇ ಎಂದು ದೂರದಿಂದಲೇ ಕೂಗಿ ಕೇಳಬೇಕು. ಕೊಪ್ಪಳದ ಓಣಿಯಲ್ಲಿ ಮೂರು ಮನೆ ಮುಗಿಯುವಷ್ಟರಲ್ಲಿ ಸುಳ್ಯದ ಕಡೆ ಒಂದು ಮನೆ ತಲುಪಿದರೆ ಪುಣ್ಯ. ಇಬ್ಬರಿಗೂ ಮನೆಗೆ ನೂರು ರೂಪಾಯಿ ಎಂದರೆ ಸಮಾನ ದರವೆಂದು ಕಾಣುತ್ತದೆ, ಸಮಾನ ವೇತನ ಮಾತ್ರ ಅಲ್ಲ.

ದೂರಕ್ಕಿಂತ ದೊಡ್ಡ ಸಮಸ್ಯೆ ಬೀಗ ಬಿದ್ದ ಮನೆಯದು. ಗಣತಿದಾರರು ಒಂದು ಮನೆಗೆ ಮೂರು ಸಲ ಹೋದರೂ ಕೈಗೆ ಬರುವುದು ನೂರು ರೂಪಾಯಿ. ಒಂದೂ ಸಲ ಬಾಗಿಲು ತೆರೆಯದಿದ್ದರೆ ಸೊನ್ನೆ. ಎರಡನೆಯ ಮತ್ತು ಮೂರನೆಯ ಭೇಟಿಗೆ ಬೆಲೆಯೇ ಇಲ್ಲದ ವ್ಯವಸ್ಥೆಯಲ್ಲಿ ಆ ಭೇಟಿಗಳು ನಡೆಯುವುದು ಒಬ್ಬೊಬ್ಬರ ಒಳ್ಳೆಯತನದಿಂದ. ಹಗಲು ಹೊತ್ತು ಬೀಗ ಬೀಳುವ ಮನೆಗಳು ಯಾರವು ಎಂದು ಕೇಳಿದರೆ ಇದರ ಪರಿಣಾಮ ತಿಳಿಯುತ್ತದೆ: ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗುವವರು, ಕಾಫಿ ತೋಟದ ಲೈನ್‌ಮನೆಯವರು, ಕಬ್ಬು ಕಡಿಯಲು ಗುಳೆ ಹೋದವರು, ನಗರದ ಗಾರ್ಮೆಂಟ್ಸ್ ಕಾರ್ಖಾನೆಯ ಹೆಂಗಸರು, ಇನ್ನೊಂದು ತುದಿಯಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನ ಐಟಿ ಉದ್ಯೋಗಿಗಳು. ಹೀಗೆ ಬಿಟ್ಟುಹೋಗುವವರು ಎಲ್ಲ ಸಮುದಾಯಗಳಿಂದ ಸಮನಾಗಿ ಬಿಟ್ಟುಹೋಗುವುದಿಲ್ಲ. ಹಿಂದುಳಿದಿರುವಿಕೆಯನ್ನು ಅಳೆಯಲು ಹೊರಟ ಸಮೀಕ್ಷೆಯಲ್ಲಿ ಇದು ಸಣ್ಣ ದೋಷವಲ್ಲ.

ಇದೇ ಆಯೋಗಕ್ಕೆ ಎಚ್. ಕಾಂತರಾಜ ಅವರು ಅಧ್ಯಕ್ಷರಾಗಿದ್ದಾಗ 2015ರಲ್ಲಿ ನಡೆದ ಸಮೀಕ್ಷೆಯ ಮೇಲೆ ಹತ್ತು ವರ್ಷ ಕೇಳಿಬಂದ ಆಕ್ಷೇಪ ಇಲ್ಲಿ ನೆನಪಿಗೆ ಬರುತ್ತದೆ. ಸುಮಾರು 1.6 ಲಕ್ಷ ಸಿಬ್ಬಂದಿ ತೊಡಗಿದ್ದ ಆ ಸಮೀಕ್ಷೆ 5.98 ಕೋಟಿ ಜನರ ಮಾಹಿತಿ ಸಂಗ್ರಹಿಸಿತು. ಆ ವರ್ಷದ ಅಂದಾಜು ಜನಸಂಖ್ಯೆಗೆ ಹೋಲಿಸಿದರೆ ಇದು ಶೇ 94ರಷ್ಟು. ಸಮೀಕ್ಷಾ ವಿಧಾನದ ದೃಷ್ಟಿಯಿಂದ ಇದು ಸಾಧಾರಣ ಸಾಧನೆಯಲ್ಲ. ಆದರೂ ವರದಿಯನ್ನು ಒಪ್ಪದವರ ಬಾಯಲ್ಲಿ ಕೊನೆಯವರೆಗೂ ಇದ್ದ ವಾಕ್ಯ ಒಂದೇ: "ನಮ್ಮ ಮನೆಗೆ ಯಾರೂ ಬಂದಿಲ್ಲ." ಆ ಮಾತಿನ ಹಿಂದೆ ರಾಜಕೀಯ ಇತ್ತು, ನಿಜ. ಅದಕ್ಕೆ ಉತ್ತರ ಕೊಡಲು ಬೇಕಾಗಿದ್ದ ದಾಖಲೆ, ಅಂದರೆ ಯಾವ ಮನೆಗೆ ಯಾವ ದಿನ ಎಷ್ಟು ಸಲ ಹೋಗಲಾಗಿತ್ತು ಎಂಬ ವಿವರ, ಜನರ ಮುಂದೆ ಬರಲಿಲ್ಲ ಎಂಬುದೂ ಅಷ್ಟೇ ನಿಜ. ಭೇಟಿಗೆ ಹಣವಿದ್ದಲ್ಲಿ ಭೇಟಿಯ ದಾಖಲೆ ತಾನಾಗಿಯೇ ಹುಟ್ಟುತ್ತದೆ, ಏಕೆಂದರೆ ಬಿಲ್ಲಿಗೆ ಅದು ಬೇಕು.

2025ರ ಸೆಪ್ಟೆಂಬರ್ 25ರಂದು ಹೈಕೋರ್ಟ್ ಕೊಟ್ಟ ಮಧ್ಯಂತರ ಆದೇಶ ಈ ಲೆಕ್ಕಕ್ಕೆ ಹೊಸ ತೊಡಕೊಂದನ್ನು ಸೇರಿಸಿತು. ಸಮೀಕ್ಷೆಗೆ ತಡೆ ನೀಡದ ನ್ಯಾಯಾಲಯ, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಅದನ್ನು ಜನರಿಗೆ ಸ್ಪಷ್ಟಪಡಿಸಬೇಕು, ಯಾರನ್ನೂ ಒತ್ತಾಯಿಸಬಾರದು ಎಂದಿತು. ತತ್ತ್ವದ ದೃಷ್ಟಿಯಿಂದ ಇದು ಸರಿಯಾದ ಮಾತು. ಆದರೆ ಗಣತಿದಾರರ ಸ್ಥಿತಿ ನೋಡಿ. "ನೀವು ಉತ್ತರಿಸದೆ ಇರಬಹುದು" ಎಂದು ಹೇಳಬೇಕಾದವರೂ ಅವರೇ, ಮನೆಯವರು ಉತ್ತರಿಸದಿದ್ದರೆ ನೂರು ರೂಪಾಯಿ ಕಳೆದುಕೊಳ್ಳುವವರೂ ಅವರೇ. ಜನರ ಹಕ್ಕನ್ನು ಜನರಿಗೆ ತಿಳಿಸಿದವನಿಗೆ ಜೇಬಿನಿಂದ ದಂಡ ಬೀಳುವ ವ್ಯವಸ್ಥೆಯಲ್ಲಿ ಆ ಹಕ್ಕು ಎಷ್ಟು ಮನೆಗಳಲ್ಲಿ ಕೇಳಿಸಿತು ಎಂದು ಊಹಿಸುವುದು ಕಷ್ಟವೇನಲ್ಲ.

ಇನ್ನು ಉತ್ತರ ಸಿಕ್ಕ ಮನೆಗಳ ಸಂಗತಿ. ಪೂರ್ಣಗೊಂಡ ನಮೂನೆಗೆ ಹಣ ಕೊಟ್ಟಾಗ ನಮೂನೆಗಳು ಪೂರ್ಣಗೊಳ್ಳುತ್ತವೆ. ಯಾವ ರೀತಿಯಲ್ಲಿ ಎಂಬುದು ಬೇರೆ ಮಾತು. ಊರಕಟ್ಟೆಯ ಮೇಲೆ ಕೂತು ಹತ್ತು ಮನೆಯ ವಿವರ ಒಬ್ಬರನ್ನೇ ಕೇಳಿ ತುಂಬುವುದು ಎಲ್ಲರಿಗೂ ಗೊತ್ತಿರುವ ಒರಟು ವಿಧಾನ. ಅದನ್ನು ಜಿಪಿಎಸ್, ಒಟಿಪಿ, ಫೋಟೊಗಳಿಂದ ಒಂದು ಮಟ್ಟಿಗೆ ತಡೆಯಬಹುದು. ತಡೆಯಲಾಗದ್ದು ಪ್ರಶ್ನೆ ಮೊಟಕುಗೊಳಿಸುವ ನಯವಾದ ವಿಧಾನ. "ಹೌದು" ಎಂಬ ಉತ್ತರಕ್ಕೆ ಇನ್ನೂ ಐದು ಉಪಪ್ರಶ್ನೆಗಳು ತೆರೆದುಕೊಳ್ಳುತ್ತವೆ, "ಇಲ್ಲ" ಎಂದರೆ ಮುಂದಿನ ಪುಟಕ್ಕೆ ಹೋಗಬಹುದು ಎಂಬುದನ್ನು ಯಾವ ಗಣತಿದಾರನೂ ಎರಡನೇ ದಿನ ಕಲಿಯುತ್ತಾನೆ. ಆಮೇಲೆ ಪ್ರಶ್ನೆ ಕೇಳುವ ಧಾಟಿಯೇ ಬದಲಾಗುತ್ತದೆ: "ನಿಮಗೆ ಸಾಲ ಇದೆಯೇ?" ಎಂಬುದು "ಸಾಲ ಗೀಲ ಏನೂ ಇಲ್ಲ ತಾನೆ?" ಎಂದಾಗುತ್ತದೆ. ಇದನ್ನು ಜಿಪಿಎಸ್ ಹಿಡಿಯಲಾರದು.

ಇದು ಊಹೆಯ ಮಾತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮಾದರಿಯಲ್ಲಿ ಜಗತ್ತಿನ ಅನೇಕ ದೇಶಗಳಲ್ಲಿ ನಡೆಯುವ ಸಮೀಕ್ಷೆಗಳನ್ನು ಪರಿಶೀಲಿಸಿದ ತಜ್ಞರು ವಯಸ್ಸಿನ ಕಾಲಮ್ಮಿನಲ್ಲಿ ಒಂದು ವಿಚಿತ್ರವನ್ನು ಪದೇ ಪದೇ ಕಂಡಿದ್ದಾರೆ. ಇಂಥ ಸಮೀಕ್ಷೆಗಳಲ್ಲಿ 15ರಿಂದ 49 ವರ್ಷದ ಹೆಂಗಸರನ್ನು ದೀರ್ಘವಾಗಿ ಸಂದರ್ಶಿಸಬೇಕು. ಐದು ವರ್ಷದೊಳಗಿನ ಮಕ್ಕಳಿದ್ದರೆ ಅವರ ಆರೋಗ್ಯದ ಬಗ್ಗೆ ಇನ್ನೊಂದು ಕಂತೆ ಪ್ರಶ್ನೆಗಳು. ಫಲಿತಾಂಶದಲ್ಲಿ 49ರವರು ಇರಬೇಕಾದುದಕ್ಕಿಂತ ಕಡಿಮೆ, 50 ದಾಟಿದವರು ಹೆಚ್ಚು. 15ರ ಹುಡುಗಿಯರು ಕಡಿಮೆ, 14ರವರು ಹೆಚ್ಚು. ಐದು ತುಂಬಲು ಕೆಲವೇ ತಿಂಗಳು ಬಾಕಿ ಇರುವ ಮಕ್ಕಳು ದಾಖಲೆಯಲ್ಲಿ ಐದು ದಾಟಿರುತ್ತಾರೆ. ಹೆಂಗಸರಿಗೆ ವಯಸ್ಸು ನೆನಪಿಲ್ಲದಿರುವುದರಿಂದ ಮಾತ್ರ ಹೀಗಾಗುವುದಾದರೆ ತಪ್ಪುಗಳು ಎರಡೂ ದಿಕ್ಕಿಗೆ ಹೋಗಬೇಕಿತ್ತು. ಅವು ಕೆಲಸ ಕಡಿಮೆಯಾಗುವ ದಿಕ್ಕಿಗೇ ಹೋಗುತ್ತವೆ. ದಣಿದ ಒಬ್ಬ ಕೆಲಸಗಾರ ಸಂಜೆ ಐದು ಗಂಟೆಗೆ ಕೈಗೊಂಡ ತೀರ್ಮಾನ ದೇಶದ ಶಿಶು ಮರಣದ ಅಂದಾಜಿನಲ್ಲಿ ಹೀಗೆ ಉಳಿದುಬಿಡುತ್ತದೆ.

ಭಾರತೀಯ ಸಂಖ್ಯಾಶಾಸ್ತ್ರಕ್ಕೆ ಈ ಸಮಸ್ಯೆ ಹೊಸದಲ್ಲ. ಪಿ.ಸಿ. ಮಹಾಲನೋಬಿಸ್ ಅವರು 1930ರ ದಶಕದ ಕೊನೆಯಲ್ಲಿ ಬಂಗಾಳದ ಸೆಣಬಿನ ಬೆಳೆಯ ವಿಸ್ತೀರ್ಣ ಅಂದಾಜಿಸಲು ಹೊರಟಾಗ ಎದುರಿಸಿದ್ದು ಇದನ್ನೇ. ಅವರು ಕಂಡುಕೊಂಡ ದಾರಿ ಸರಳವಾಗಿತ್ತು: ಒಂದೇ ಪ್ರದೇಶದಿಂದ ಎರಡು ಸ್ವತಂತ್ರ ಮಾದರಿಗಳನ್ನು, ಅಂದರೆ ಇಡೀ ಪ್ರದೇಶದ ಬದಲು ಅಳೆಯಬೇಕಾದ ತುಣುಕುಗಳನ್ನು, ಆರಿಸಿ, ಎರಡನ್ನೂ ಪರಸ್ಪರ ಸಂಪರ್ಕವಿಲ್ಲದ ಬೇರೆ ಬೇರೆ ತಂಡಗಳಿಗೆ ಒಪ್ಪಿಸುವುದು. ಎರಡು ಅಂದಾಜುಗಳು ಹತ್ತಿರವಿದ್ದರೆ ಕ್ಷೇತ್ರಕಾರ್ಯ ನಂಬಬಹುದಾದದ್ದು; ದೂರವಿದ್ದರೆ ದೋಷ ಮಾದರಿಯದ್ದಲ್ಲ, ಕೆಲಸ ಮಾಡಿದವರದ್ದು ಅಥವಾ ಮಾಡಿಸಿದವರದ್ದು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ಈ ವಿಧಾನ ಬಂತು. ಗಣತಿದಾರನನ್ನು ಅಪನಂಬಿಕೆಯಿಂದ ಬೆನ್ನಟ್ಟುವ ಬದಲು ಅವನ ಕೆಲಸದ ವ್ಯತ್ಯಾಸವನ್ನು ಅಳೆಯುವ ಈ ಸಜ್ಜನಿಕೆ ನಮ್ಮ ಇಂದಿನ ಆ್ಯಪ್‌ಗಳಿಗೆ ಇಲ್ಲ. ಅವುಗಳಿಗೆ ಗೊತ್ತಿರುವುದು ಹಾಜರಾತಿ ಮಾತ್ರ.

ಹಣದ ಲೆಕ್ಕಕ್ಕಿಂತ ಮೊದಲಿನದು ನೇಮಕದ ಪ್ರಶ್ನೆ, ಮತ್ತು ಸರ್ಕಾರಿ ಸಮೀಕ್ಷೆಗಳಲ್ಲಿ 'ನೇಮಕ' ಎಂಬ ಪದವೇ ಅಷ್ಟು ಸರಿಯಲ್ಲ. ಅಲ್ಲಿ ನಡೆಯುವುದು ನಿಯೋಜನೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯಿಂದ ಪಟ್ಟಿ ಬರುತ್ತದೆ, ಹೆಸರಿದ್ದವರು ತರಬೇತಿಗೆ ಹೋಗುತ್ತಾರೆ. ಹೋಗದಿದ್ದರೆ ನೋಟಿಸ್, ಆಮೇಲೆ ಅಮಾನತು. ಶಿಕ್ಷಕರನ್ನೇ ಆರಿಸುವುದಕ್ಕೆ ಗಟ್ಟಿ ಕಾರಣಗಳಿವೆ ಎಂಬುದನ್ನು ಒಪ್ಪಬೇಕು. ಊರಿನವರಿಗೆ ಮೇಷ್ಟ್ರು ಗೊತ್ತು, ಮೇಡಂ ಗೊತ್ತು, ಬಾಗಿಲು ತೆರೆಯುತ್ತದೆ. ಓದಿದವರು, ಅಚ್ಚುಕಟ್ಟಾಗಿ ಬರೆಯುವವರು, ತಪ್ಪು ಮಾಡಿದರೆ ಕೇಳಬಹುದಾದವರು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಅದಕ್ಕೆ ಇರುವ ವಿನಾಯಿತಿಗಳು ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ. ರಾಜ್ಯ ಆಯೋಗವೊಂದರ ಸಮೀಕ್ಷೆ ಆ ಪಟ್ಟಿಯಲ್ಲಿ ಇಲ್ಲ. ಕಾಯ್ದೆ ಬರುವ ಮೊದಲೇ, 2007ರಲ್ಲಿ, ಸುಪ್ರೀಂ ಕೋರ್ಟ್ ಚುನಾವಣಾ ಕೆಲಸದ ಪ್ರಕರಣವೊಂದರಲ್ಲಿ ಶಿಕ್ಷಕರನ್ನು ರಜಾದಿನಗಳಲ್ಲಿ ಮತ್ತು ಪಾಠವಿಲ್ಲದ ದಿನಗಳಲ್ಲಿ ಬಳಸಿಕೊಳ್ಳಬೇಕೆಂದು ಹೇಳಿತ್ತು. 2025ರ ಸಮೀಕ್ಷೆಯನ್ನು ದಸರಾ ರಜೆಗೆ ಹೊಂದಿಸಿದ್ದರಲ್ಲಿ ಈ ಹಿನ್ನೆಲೆಯ ನೆರಳಿದೆ. ಆದರೆ ಕೆಲಸ ಮುಗಿಯದೆ ಹೋದಾಗ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಹೀಗೆ ಸಮೀಕ್ಷೆಯ ಒಂದು ಭಾಗದ ವೆಚ್ಚವನ್ನು ಸರ್ಕಾರಿ ಶಾಲೆಯ ಮಕ್ಕಳು ಪಾಠದ ದಿನಗಳಲ್ಲಿ ತೆತ್ತರು; ಅದು 420 ಕೋಟಿಯ ಲೆಕ್ಕದಲ್ಲಿ ಎಲ್ಲೂ ಇಲ್ಲ. ಆ ಮಕ್ಕಳಲ್ಲಿ ಬಹುಪಾಲು ಯಾವ ಸಮುದಾಯಗಳವರು ಎಂದು ತಿಳಿಯಲು ಸಮೀಕ್ಷೆ ಬೇಕಾಗಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಆಯೋಗವು ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆಸಿದಾಗಲೂ ಮನೆಗಳಿಗೆ ಹೋದವರು ಮುಖ್ಯವಾಗಿ ಶಿಕ್ಷಕರೇ. ಒಂದೇ ವರ್ಷದಲ್ಲಿ ಎರಡು ದೊಡ್ಡ ಸಮೀಕ್ಷೆಗಳು, ಅದರ ಬೆನ್ನಿಗೇ ಜನಗಣತಿ, ನಡುನಡುವೆ ಮತದಾರರ ಪಟ್ಟಿ. ಯಾವುದನ್ನೂ ಬೇಡವೆನ್ನುವ ಹಾಗಿಲ್ಲ. ಆದರೆ ಇಷ್ಟೆಲ್ಲ ನಿರಂತರವಾಗಿ ನಡೆಯುವುದಾದರೆ ಅದಕ್ಕೊಂದು ಕಾಯಂ ಸಿಬ್ಬಂದಿ ಬೇಕೆಂಬ ಮಾತು ಏಕೆ ಎದ್ದೇಳುವುದಿಲ್ಲ? ಉತ್ತರ ಬಹುಶಃ 'ಗೌರವಧನ' ಎಂಬ ಪದದಲ್ಲಿಯೇ ಇದೆ.

ಸಂಬಳ ಎಂದರೆ ಹಕ್ಕು, ಕೂಲಿ ಎಂದರೆ ಕಾನೂನು. ಗೌರವಧನ ಎಂದರೆ ಇವೆರಡೂ ಅಲ್ಲ. ಅದರಲ್ಲಿ ಗೌರವ ಮುಂದೆ ಬಂದು ಧನ ಹಿಂದೆ ಸರಿಯುತ್ತದೆ, ಎಷ್ಟು ಹಿಂದೆ ಎಂದರೆ ಕೆಲಸ ಮುಗಿದು ತಿಂಗಳುಗಳಾದರೂ ಖಜಾನೆಯಿಂದ ಹೊರಡದಷ್ಟು. ಕನಿಷ್ಠ ವೇತನ, ಹೆಚ್ಚಿನ ಅವಧಿಯ ಭತ್ಯೆ, ತಡವಾದರೆ ಬಡ್ಡಿ ಎಂಬ ಪ್ರಶ್ನೆಗಳು ಈ ಪದದ ಹತ್ತಿರ ಸುಳಿಯುವುದಿಲ್ಲ. ಈ ಪದದ ಕಾನೂನು ಚರಿತ್ರೆಯಲ್ಲಿ ಕರ್ನಾಟಕಕ್ಕೆ ಒಂದು ಸ್ಥಾನವಿದೆ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತು. ಅದೇ ನ್ಯಾಯಾಲಯ 2022ರ ಏಪ್ರಿಲಿನಲ್ಲಿ ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ, ಗ್ರ್ಯಾಚ್ಯುಟಿ ಕಾಯ್ದೆಯ ಮಟ್ಟಿಗೆ ಅಂಗನವಾಡಿಯವರಿಗೆ ಸಲ್ಲುವ ಗೌರವಧನವೂ ವೇತನವೇ ಎಂದು ಹೇಳಿತು. ಈ ಎರಡು ತೀರ್ಪುಗಳ ನಡುವಿನ ಹದಿನೈದು ವರ್ಷಗಳಲ್ಲಿ ಬದಲಾದದ್ದು ಕೆಲಸವಲ್ಲ. ಅದನ್ನು ನೋಡುವ ಕಣ್ಣು.

ಗೌರವಧನದ ಮೆಟ್ಟಿಲುಗಳೂ ಗಮನಿಸಬೇಕಾದವು. ಸಮೀಕ್ಷೆಗೆ ಮೊದಲು ಮನೆಮನೆಗೆ ಪ್ರಶ್ನಾವಳಿ ತಲುಪಿಸುವ ಕೆಲಸ ಆಶಾ ಕಾರ್ಯಕರ್ತೆಯರದಾಗಿತ್ತು; ಮನೆಗೆ ಗುರುತಿನ ಚೀಟಿ ಅಂಟಿಸುವುದು ಮೀಟರ್ ರೀಡರ್‌ಗಳದು. ಇವರಲ್ಲಿ ಸಂಬಳವಿಲ್ಲದೆ ಪ್ರೋತ್ಸಾಹಧನದ ಮೇಲೆ ಬದುಕುವ ಆಶಾ ಕಾರ್ಯಕರ್ತೆಗೆ ಸಮೀಕ್ಷೆಯ ಹಣ ಆ ತಿಂಗಳ ಅಕ್ಕಿ ಬೇಳೆ. ಕಾಯಂ ಶಿಕ್ಷಕರಿಗೆ ಅದು ಮೇಲಿನ ಗಳಿಕೆ. ಆದರೂ ದೊಡ್ಡ ಮೊತ್ತ ಹೋದದ್ದು ಈಗಾಗಲೇ ಸಂಬಳವಿರುವವರಿಗೆ. ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿಗಳ ಗೌರವಧನವನ್ನು ಚುನಾವಣಾ ಆಯೋಗ 2025ರ ಆಗಸ್ಟಿನಲ್ಲಿ ಇಮ್ಮಡಿ ಮಾಡಿತು: ವರ್ಷಕ್ಕೆ 6,000 ರೂಪಾಯಿ ಇದ್ದದ್ದು 12,000 ಆಯಿತು. ಇಮ್ಮಡಿ ಎಂಬ ಪದ ದೊಡ್ಡದಾಗಿ ಕೇಳುತ್ತದೆ. ತಿಂಗಳಿಗೆ ಅದು ಸಾವಿರ ರೂಪಾಯಿ. ಅದೇ ವರ್ಷದ ಕೊನೆಯಲ್ಲಿ ಕೆಲವು ರಾಜ್ಯಗಳಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ ಈ ಅಧಿಕಾರಿಗಳ ಮೇಲಿನ ಹೊರೆ ಎಷ್ಟಾಯಿತೆಂದರೆ, ಹೆಚ್ಚುವರಿ ಸಿಬ್ಬಂದಿ ಕೊಡಿ ಎಂದು ಸುಪ್ರೀಂ ಕೋರ್ಟ್ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು.

ಹಾಗಾದರೆ ಹೊರಗಿನವರನ್ನು ನೇಮಿಸಿಕೊಳ್ಳಬಹುದಲ್ಲ ಎಂಬ ಮಾತು ಸಹಜ. ಮಾದರಿ ಸಮೀಕ್ಷೆಗಳು ಆ ದಾರಿಯನ್ನೇ ಹಿಡಿದಿವೆ. ಕುಟುಂಬ ಆರೋಗ್ಯ ಸಮೀಕ್ಷೆಯ ಕ್ಷೇತ್ರಕಾರ್ಯ ನಡೆಸುವುದು ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಆಯ್ದುಕೊಂಡ ಏಜೆನ್ಸಿಗಳು. 2019–21ರ ಐದನೇ ಸುತ್ತಿನಲ್ಲಿ ಅವು 6.36 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋದವು. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲೂ ಕಾಯಂ ಅಧಿಕಾರಿಗಳ ಜೊತೆಗೆ ಗುತ್ತಿಗೆಯ ಗಣತಿದಾರರು ದುಡಿಯುತ್ತಾರೆ. ವಿಶ್ವವಿದ್ಯಾಲಯಗಳ ಮತ್ತು ಸ್ವಯಂಸೇವಾ ಸಂಸ್ಥೆಗಳ ಸಣ್ಣ ಸಮೀಕ್ಷೆಗಳು ಎಂಎಸ್‌ಡಬ್ಲ್ಯು ಓದಿದ, ಸಮಾಜಶಾಸ್ತ್ರ ಎಂಎ ಮುಗಿಸಿದ, ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರ ಮೇಲೆಯೇ ನಿಂತಿವೆ. ಇಲ್ಲಿ ನಿಯೋಜನೆಯ ಬಲವಂತ ಇಲ್ಲ, ಆದರೆ ಬೇರೆ ತೊಡಕುಗಳಿವೆ. ಟೆಂಡರಿನಲ್ಲಿ ಕಡಿಮೆ ದರ ಹೇಳಿದ ಏಜೆನ್ಸಿ ಆ ಕಡಿತವನ್ನು ಇಳಿಸುವುದು ಗಣತಿದಾರರ ದಿನಗೂಲಿಯ ಮೇಲೆ, ಬಸ್ಸಿನ ಖರ್ಚಿನ ಮೇಲೆ, ತರಬೇತಿಯ ದಿನಗಳ ಮೇಲೆ. ನೇಮಕದ ಪತ್ರ ಇರುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸುವುದೇ ನೇಮಕ, ಗುಂಪಿನಿಂದ ತೆಗೆಯುವುದೇ ವಜಾ. ಕೊನೆಯ ಕಂತನ್ನು ದತ್ತಾಂಶ ಪರಿಶೀಲನೆ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳುವುದು ವಾಡಿಕೆ. ಹೀಗೆ ನಡೆಸಿಕೊಂಡ ಹುಡುಗಿ ಎರಡನೇ ಸಮೀಕ್ಷೆಗೆ ಬರುವುದಿಲ್ಲ. ಕ್ಷೇತ್ರಕಾರ್ಯದ ಅನುಭವ ಹೀಗೆ ಪ್ರತಿ ಸಲ ಸೊನ್ನೆಯಿಂದ ಶುರುವಾಗುತ್ತದೆ.

ಯಾರನ್ನು ನೇಮಿಸಬೇಕು ಎಂಬುದಕ್ಕೆ ಪದವಿಯೊಂದೇ ಅಳತೆಯಾಗದು. ಬಳ್ಳಾರಿಯ ಗಡಿಯಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕಲಬುರಗಿ ಬೀದರಿನಲ್ಲಿ ದಖ್ಖನಿ ಉರ್ದು ಬಲ್ಲವರಿಗೆ ಮಾತ್ರ ತೆರೆಯುವ ಮನೆಗಳಿವೆ. ಪ್ರಶ್ನಾವಳಿಯ ಕನ್ನಡ ಕಚೇರಿಯ ಕನ್ನಡ. 'ಕೌಟುಂಬಿಕ ವಾರ್ಷಿಕ ವರಮಾನ' ಎಂಬುದನ್ನು ಆಯಾ ಮನೆಯ ಮಾತಿಗೆ ಇಳಿಸುವುದು ಒಂದು ಕೌಶಲ, ಅದಕ್ಕೆ ಯಾವ ಆದೇಶದಲ್ಲೂ ಬೆಲೆಯಿಲ್ಲ. ಹೆಂಗಸರ ಮಾಹಿತಿ ಹೆಂಗಸರ ಮೂಲಕವೇ ಸಿಗುತ್ತದೆ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ, ಆದರೆ ಅವರಿಗೆ ಸಂಜೆಯ ಬಸ್ಸು ತಪ್ಪಿದರೆ ಏನು, ಇಡೀ ದಿನ ಶೌಚಾಲಯ ಎಲ್ಲಿ ಎಂಬುದಕ್ಕೆ ಕೈಪಿಡಿಯಲ್ಲಿ ಪುಟವಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ಗಣತಿದಾರರ ಜಾತಿ. ಕೇರಿಯ ಮನೆಗೆ ಬಂದವರು ಒಳಗೆ ಬಂದು ಕೂತರೋ, ಹೊರಗೇ ನಿಂತು ಕೇಳಿದರೋ, ಕೊಟ್ಟ ನೀರು ಕುಡಿದರೋ ಎಂಬುದನ್ನು ಮನೆಯವರು ಮೊದಲ ನಿಮಿಷದಲ್ಲೇ ಗಮನಿಸುತ್ತಾರೆ. "ಅಸ್ಪೃಶ್ಯತೆಯ ಅನುಭವ ಇದೆಯೇ" ಎಂಬ ಪ್ರಶ್ನೆಗೆ ಅವರು ಕೊಡುವ ಉತ್ತರ ಅಲ್ಲಿಯೇ ನಿರ್ಧಾರವಾಗಿರುತ್ತದೆ. ಜಾತಿಯ ಬಗ್ಗೆ ಕೇಳುವ ಸಮೀಕ್ಷೆಯು ಕೇಳುವವರ ಜಾತಿಯನ್ನು ಕುರಿತು ಮೌನವಾಗಿರುವುದು ನನಗೆ ಸದಾ ಸೋಜಿಗ.

2027ರ ಜನಗಣತಿಯ ಹಿನ್ನೆಲೆಯಲ್ಲಿ ಈ ವಿಷಯಕ್ಕೆ ಈಗ ತುರ್ತು ಬಂದಿದೆ. ಮನೆಗಳ ಪಟ್ಟಿ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ, ಜನರ ಎಣಿಕೆ 2027ರ ಫೆಬ್ರುವರಿಯಲ್ಲಿ ಎಂಬುದು ಕಾರ್ಯಕ್ರಮ. ಕೇಂದ್ರ ಸಂಪುಟ 2025ರ ಡಿಸೆಂಬರ್ 12ರಂದು ಇದಕ್ಕೆ 11,718 ಕೋಟಿ ರೂಪಾಯಿ ಒಪ್ಪಿತು. ಸುಮಾರು 30 ಲಕ್ಷ ಮಂದಿ ಕ್ಷೇತ್ರಕ್ಕೆ ಇಳಿಯಬೇಕು. 2011ರಲ್ಲಿ ಆ ಸಂಖ್ಯೆ 27 ಲಕ್ಷ ಇತ್ತು, ಕೈಯಲ್ಲಿ ಕಾಗದವಿತ್ತು. ಈ ಸಲ ಮೊಬೈಲ್ ಇದೆ, ಮತ್ತು ಜಾತಿಯ ಪ್ರಶ್ನೆ ಇದೆ. ಕರ್ನಾಟಕದ ಶಿಕ್ಷಕರಿಗೆ ಎರಡೂ ಈಗ ಪರಿಚಿತ. ರಾಜ್ಯದ ಸಮೀಕ್ಷೆಯಲ್ಲಿ ಅವರು ಪಟ್ಟ ಪಾಡು ಒಂದು ತರಬೇತಿಯೇ ಆಗಿದೆ ಎನ್ನಬಹುದು. ಆ ಅನುಭವದಿಂದ ಆಡಳಿತವೂ ಕಲಿಯಬೇಕಾದ ಒಂದೆರಡು ಸಂಗತಿಗಳಿವೆ.

ಇಡಿಗಂಟಿನ ಭಾಗ ಹೆಚ್ಚಬೇಕು, ಮನೆ ಲೆಕ್ಕದ ಭಾಗ ಇಳಿಯಬೇಕು. 5,000 ಮತ್ತು 15,000 ಎಂಬ ಅನುಪಾತವನ್ನು ತಿರುವುಮುರುವು ಮಾಡಿದರೂ ಒಟ್ಟು ವೆಚ್ಚ ಹೆಚ್ಚು ಬದಲಾಗದು, ಆದರೆ ಅವಸರದಲ್ಲಿ ನಮೂನೆ ತುಂಬುವ ಆಮಿಷ ಮೂರರಲ್ಲಿ ಎರಡು ಪಾಲು ಇಳಿಯುತ್ತದೆ. ತರಬೇತಿಯ ದಿನಕ್ಕೂ, ಸರ್ವರ್ ಕೆಟ್ಟ ದಿನಕ್ಕೂ ದಿನದ ದರ ಸಲ್ಲಬೇಕು. ಹಾಗೆ ಸಲ್ಲುವುದಾದರೆ ಆ್ಯಪನ್ನು ಮುಂಚೆಯೇ ಪರೀಕ್ಷಿಸಿ ನೋಡುವ ಬುದ್ಧಿ ಮೇಲಿನವರಿಗೆ ತಾನಾಗಿ ಬರುತ್ತದೆ. ಚದುರಿದ ಮನೆಗಳ ಬ್ಲಾಕುಗಳಿಗೆ ಪ್ರತ್ಯೇಕ ಭತ್ಯೆ ಕೊಡುವುದು ಕಷ್ಟವಲ್ಲ; ಪ್ರತಿ ವಿದ್ಯುತ್ ಮೀಟರಿನ ಜಾಗವೂ ನಕ್ಷೆಯಲ್ಲಿ ಇರುವಾಗ ಬ್ಲಾಕಿನೊಳಗಿನ ಒಟ್ಟು ದೂರವನ್ನು ಲೆಕ್ಕ ಹಾಕುವುದು ಒಂದು ದಿನದ ಕೆಲಸ. ಹಣ ಪಾವತಿಗೆ ಕೊನೆಯ ದಿನಾಂಕವೊಂದು ನಿಯೋಜನಾ ಆದೇಶದಲ್ಲಿಯೇ ಇರಬೇಕು. ಸಮೀಕ್ಷೆ ವಹಿಸುವಾಗ ದಿನಾಂಕ ತಪ್ಪಿದವರಿಗೆ ನೋಟಿಸ್ ಕೊಡುವ ವ್ಯವಸ್ಥೆಗೆ ತನ್ನ ದಿನಾಂಕವನ್ನು ಬರೆದುಕೊಡಲು ಹಿಂಜರಿಕೆ ಇರಬಾರದು. ಕೆಲಸದಲ್ಲಿದ್ದಾಗ ಮೃತಪಟ್ಟ ಮೂವರು ಸಿಬ್ಬಂದಿಯ ಕುಟುಂಬಗಳಿಗೆ ತಲಾ 20 ಲಕ್ಷ ರೂಪಾಯಿ ಪರಿಹಾರವನ್ನು ಸರ್ಕಾರ ಅಕ್ಟೋಬರಿನಲ್ಲಿ ಘೋಷಿಸಿತು. ಅದು ಸರಿಯಾದ ಕ್ರಮವೇ, ಆದರೆ ಘಟನೆಯ ನಂತರದ ಘೋಷಣೆಯ ಬದಲು ಮೊದಲ ದಿನದಿಂದಲೇ ವಿಮೆ ಇದ್ದಿದ್ದರೆ ಅದು ಔದಾರ್ಯವೆನಿಸದೆ ನಿಯಮವೆನಿಸುತ್ತಿತ್ತು.

ಇನ್ನು ಮರುಭೇಟಿಯ ಲೆಕ್ಕ. ಒಬ್ಬ ಗಣತಿದಾರರ 150 ಮನೆಗಳಲ್ಲಿ ಹತ್ತನೇ ಒಂದು ಭಾಗ, ಅಂದರೆ 15 ಮನೆಗಳಿಗೆ ಮೊದಲ ಸಲ ಬೀಗ ಬಿದ್ದಿತ್ತು ಎಂದು ಭಾವಿಸೋಣ. ಪ್ರತಿ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಇನ್ನೆರಡು ಸಲ ಹೋಗಬೇಕು, ಬಾಗಿಲು ತೆರೆಯಲಿ ಬಿಡಲಿ ಆ ಒಂದೊಂದು ಭೇಟಿಗೂ 50 ರೂಪಾಯಿ ಕೊಡುವುದು, ಭೇಟಿಯ ಸಮಯ ಮತ್ತು ಸ್ಥಳ ಆ್ಯಪಿನಲ್ಲಿ ದಾಖಲಾಗುವುದು ಎಂದಿಟ್ಟುಕೊಂಡರೆ ಒಬ್ಬರಿಗೆ 1,500 ರೂಪಾಯಿ ಆಗುತ್ತದೆ. 1.75 ಲಕ್ಷ ಗಣತಿದಾರರಿಗೆ ಇದು 26 ಕೋಟಿ 25 ಲಕ್ಷ ರೂಪಾಯಿ, 420 ಕೋಟಿಯ ಹದಿನಾರನೇ ಒಂದು ಭಾಗ. "ನಮ್ಮ ಮನೆಗೆ ಯಾರೂ ಬಂದಿಲ್ಲ" ಎಂದವರ ಮುಂದೆ ಮೂರು ದಿನಾಂಕಗಳನ್ನೂ ಮೂರು ಗಳಿಗೆಗಳನ್ನೂ ಇಡಲು ತಗಲುವ ಖರ್ಚು ಅಷ್ಟು.